ಹಸುವಿನ ಹಿಂಡಿ ಲೆಕ್ಕ ಹಿಡಿದು ಸಾಲ್ವರ್ ಕಲಿಯುವುದು ಹೇಗೆ

ದ್ವಿತೀಯ ಪಿಯುಸಿ ಗಣಿತದ ಕೊನೆಯ ಕಡೆ ಲೀನಿಯರ್ ಪ್ರೋಗ್ರಾಮಿಂಗ್ ಅಂತ ಒಂದು ಪುಟ್ಟ ಅಧ್ಯಾಯ ಇದೆ. ಸೈನ್ಸ್ ಓದಿದವರಿಗೆ ನೆನಪಿರುತ್ತದೆ. ಗ್ರಾಫ್ ಹಾಳೆಯಲ್ಲಿ ಎರಡು ಮೂರು ಗೆರೆ ಎಳೆಯಬೇಕು. ನಡುವಿನ ಜಾಗಕ್ಕೆ ಪೆನ್ಸಿಲ್‌ನಲ್ಲಿ ಗೀಟು ಹಾಕಬೇಕು. ಒಂದೊಂದು ಮೂಲೆಯ ಬೆಲೆ ಲೆಕ್ಕ ಹಾಕಿ, ಪ್ರಶ್ನೆ ಕೇಳಿದ ಹಾಗೆ ಅತಿ ಕಡಿಮೆ ಅಥವಾ ಅತಿ ಹೆಚ್ಚು ಬಂದದ್ದನ್ನು ಉತ್ತರ ಅಂತ ಬರೆಯಬೇಕು. ಮಕ್ಕಳಿಗೆ ಇಷ್ಟದ ಅಧ್ಯಾಯ, ಯಾಕೆಂದರೆ ಅಂಕ ಖಾತ್ರಿ.

ಅದನ್ನು ಪಾಠ ಮಾಡುವವಳು ನಾನು. ಇಡೀ ಪುಸ್ತಕದಲ್ಲಿ ಫ್ಯಾಕ್ಟರಿ, ವಿಮಾನ ಕಂಪನಿ, ತೈಲ ಸಂಸ್ಕರಣಾಗಾರ, ವಿದ್ಯುತ್ ಜಾಲ ಇವೆಲ್ಲ ದಿನಾ ಬಳಸುವ ಗಣಿತ ಯಾವುದು ಅಂತ ಕೇಳಿದರೆ ನಾನು ಈ ಅಧ್ಯಾಯವನ್ನೇ ತೋರಿಸುತ್ತೇನೆ. ಆದರೆ ನಾವು ಅದನ್ನು ಎಕ್ಸ್ ಮತ್ತು ವೈ ಎರಡಕ್ಕೇ ನಿಲ್ಲಿಸಿಬಿಡುತ್ತೇವೆ. ಮೂರನೆಯ ವಸ್ತು ಬಂದರೆ ಗ್ರಾಫ್ ಹಾಳೆ ಸಾಲುವುದಿಲ್ಲ. ಆಮೇಲೆ ಏನು ಮಾಡಬೇಕು ಅಂತ ಯಾರೂ ಹೇಳಿಕೊಡುವುದಿಲ್ಲ. ಆ ಆಮೇಲಿನ ಭಾಗ ಇಲ್ಲಿದೆ: ಇಂಥ ಲೆಕ್ಕವನ್ನು ನಮಗಾಗಿ ಬಿಡಿಸಿಕೊಡುವ ಸಾಲ್ವರ್ ಎಂಬ ಸಾಫ್ಟ್‌ವೇರ್ ಬಳಸುವುದು.

ಉದಾಹರಣೆಗೆ ನಮ್ಮ ಮನೆಯದ್ದೇ ಲೆಕ್ಕ ತೆಗೆದುಕೊಳ್ಳೋಣ. ತಿಪಟೂರು ಕಡೆ ನನ್ನ ತಮ್ಮ ಹಸು ಸಾಕಿದ್ದಾನೆ. ಚೀಲದ ಫೀಡ್ ಜೊತೆಗೆ ತಾನೇ ಹಿಂಡಿ, ಬೂಸಾ, ಜೋಳ ತಂದು ಮಿಶ್ರಣ ಮಾಡುತ್ತಾನೆ. ಯಾವುದನ್ನು ಎಷ್ಟು ಹಾಕಿದರೆ ಹಸುವಿಗೆ ಬೇಕಾದ ಸತ್ವವೂ ಸಿಗಬೇಕು, ಖರ್ಚೂ ಕಡಿಮೆ ಆಗಬೇಕು? ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿಯ ಸಮತೋಲಿತ ಪಶು ಆಹಾರ ಕಾರ್ಯಕ್ರಮದ ಸಾಫ್ಟ್‌ವೇರ್ ಮಾಡುವುದೂ ಈ ಜಾತಿಯ ಲೆಕ್ಕವನ್ನೇ. ನಮಗೆ ಬೇಕಾಗುವುದು ಒಂದು ಲ್ಯಾಪ್‌ಟಾಪ್ ಮತ್ತು ಪುಕ್ಕಟೆಯಾಗಿ ಸಿಗುವ ಲಿಬ್ರೆಆಫೀಸ್ ಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟ್.

ಮೊದಲು ಮಾತಿನಲ್ಲಿ ಬರೆಯಿರಿ

ಕಂಪ್ಯೂಟರ್ ತೆರೆಯುವ ಮುಂಚೆ ನೋಟ್‌ಬುಕ್ಕಿನಲ್ಲಿ ಮೂರು ಪ್ರಶ್ನೆಗೆ ಉತ್ತರ ಬರೆಯಿರಿ. ನನ್ನ ಕೈಯಲ್ಲಿರುವುದು ಏನು? ನನಗೆ ಯಾವುದು ಕಡಿಮೆ ಆಗಬೇಕು ಅಥವಾ ಜಾಸ್ತಿ ಆಗಬೇಕು? ಯಾವುದನ್ನು ಮೀರುವ ಹಾಗಿಲ್ಲ? ಸಾಫ್ಟ್‌ವೇರ್ ಯಾವುದೇ ಇರಲಿ, ಎಷ್ಟೇ ದುಬಾರಿ ಇರಲಿ, ಅದಕ್ಕೆ ಬೇಕಾಗಿರುವುದು ಈ ಮೂರೇ.

ನಮ್ಮ ಲೆಕ್ಕದಲ್ಲಿ ಕೈಯಲ್ಲಿರುವುದು ಐದು ವಸ್ತುಗಳ ತೂಕ. ಕಡಿಮೆ ಆಗಬೇಕಾದ್ದು ಒಟ್ಟು ಖರ್ಚು. ಮೀರಬಾರದ್ದು ಹೀಗಿದೆ: 100 ಕೆಜಿ ಮಿಶ್ರಣದಲ್ಲಿ ಪ್ರೋಟೀನ್ 20 ಕೆಜಿಗೆ ಕಡಿಮೆ ಇರಬಾರದು. ಟಿಡಿಎನ್, ಅಂದರೆ ಹಸು ಜೀರ್ಣಿಸಿಕೊಂಡು ಶಕ್ತಿಯಾಗಿ ಬಳಸುವ ಒಟ್ಟು ಪೋಷಕಾಂಶ, 68 ಕೆಜಿಗೆ ಕಡಿಮೆ ಇರಬಾರದು. ಖನಿಜ ಮಿಶ್ರಣ 2 ಕೆಜಿ, ಉಪ್ಪು 1 ಕೆಜಿ ಹೇಗೂ ಹಾಕಲೇಬೇಕು. ಆದ್ದರಿಂದ ಐದು ವಸ್ತು ಸೇರಿ ಸರಿಯಾಗಿ 97 ಕೆಜಿ ಆಗಬೇಕು.

ಅಂಕಿಗಳು ಇವು. ದರ ಒಂದು ಕೆಜಿಗೆ, ಪ್ರೋಟೀನ್ ಮತ್ತು ಟಿಡಿಎನ್ ನೂರಕ್ಕೆ.

ಮುಸುಕಿನ ಜೋಳ: ದರ 24 ರೂ., ಪ್ರೋಟೀನ್ 9, ಟಿಡಿಎನ್ 80
ಕಡಲೆಕಾಯಿ ಹಿಂಡಿ: ದರ 48 ರೂ., ಪ್ರೋಟೀನ್ 42, ಟಿಡಿಎನ್ 75
ಹತ್ತಿಬೀಜದ ಹಿಂಡಿ: ದರ 34 ರೂ., ಪ್ರೋಟೀನ್ 22, ಟಿಡಿಎನ್ 70
ಗೋಧಿ ಬೂಸಾ: ದರ 25 ರೂ., ಪ್ರೋಟೀನ್ 14, ಟಿಡಿಎನ್ 66
ಎಣ್ಣೆ ತೆಗೆದ ಅಕ್ಕಿ ತೌಡು: ದರ 16 ರೂ., ಪ್ರೋಟೀನ್ 15, ಟಿಡಿಎನ್ 55

ದರಗಳು ಲೆಕ್ಕಕ್ಕೆ ಇಟ್ಟುಕೊಂಡವು, ನಿಮ್ಮ ಊರಿನ ದರ ಹಾಕಿಕೊಳ್ಳಿ. ಸತ್ವದ ಅಂಕಿಗಳು ಅಂದಾಜು. ಒಂದೇ ಹಿಂಡಿ ಗಾಣದಿಂದ ಗಾಣಕ್ಕೆ ಬೇರೆ ಇರುತ್ತದೆ. ದೊಡ್ಡ ಪ್ರಮಾಣದಲ್ಲಿ ಕೊಳ್ಳುವವರು ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿದ ಅಂಕಿಯನ್ನೇ ಬಳಸಬೇಕು.

ಹಾಳೆ ತಯಾರಿ

ಕ್ಯಾಲ್ಕ್‌ನಲ್ಲಿ ಎ ಕಾಲಂನಲ್ಲಿ ವಸ್ತುವಿನ ಹೆಸರು, ಬಿ ಯಲ್ಲಿ ದರ, ಸಿ ಯಲ್ಲಿ ಪ್ರೋಟೀನ್, ಡಿ ಯಲ್ಲಿ ಟಿಡಿಎನ್ ಬರೆಯಿರಿ. ಎರಡನೇ ಸಾಲಿನಿಂದ ಆರನೇ ಸಾಲಿನವರೆಗೆ ಐದು ವಸ್ತು. ಇ ಕಾಲಂ ಖಾಲಿ ಬಿಡಿ. ಉತ್ತರ ಬಂದು ಕೂರುವ ಜಾಗ ಅದು. ಎಫ್ ಕಾಲಂನಲ್ಲಿ ಗರಿಷ್ಠ ಮಿತಿ ಬರುತ್ತದೆ, ಅದು ಸ್ವಲ್ಪ ಹೊತ್ತಿನ ಮೇಲೆ.

ಇ8 ರಲ್ಲಿ ಇ2 ರಿಂದ ಇ6 ರವರೆಗಿನ ಮೊತ್ತ ಹಾಕಿ. ಖರ್ಚಿಗೆ ಇ9 ರಲ್ಲಿ ಸಮ್‌ಪ್ರಾಡಕ್ಟ್ ಎಂಬ ಫಾರ್ಮುಲಾ ಬಳಸಿ. ಬಿ ಕಾಲಂನ ಐದು ಅಂಕಿಯನ್ನು ಇ ಕಾಲಂನ ಐದು ಅಂಕಿಯಿಂದ ಒಂದೊಂದಾಗಿ ಗುಣಿಸಿ ಕೂಡಿಸುವುದೇ ಅದರ ಕೆಲಸ. ಇ10 ರಲ್ಲಿ ಪ್ರೋಟೀನಿಗೆ, ಇ11 ರಲ್ಲಿ ಟಿಡಿಎನ್‌ಗೆ ಅದೇ ಫಾರ್ಮುಲಾ, ಕೊನೆಗೆ 100 ರಿಂದ ಭಾಗಿಸಿ. ಇ ಕಾಲಂನಲ್ಲಿ ಸುಮ್ನೆ ಏನೋ ಐದು ಅಂಕಿ ಹಾಕಿ, ಮೊತ್ತಗಳು ಸರಿಯಾಗಿ ಬದಲಾಗುತ್ತಿವೆಯಾ ನೋಡಿಕೊಳ್ಳಿ. ಫಾರ್ಮುಲಾದಲ್ಲಿ ಒಂದು ಸಾಲು ಬಿಟ್ಟುಹೋಗಿದ್ದರೆ ಇಲ್ಲೇ ಗೊತ್ತಾಗಬೇಕು.

ಈಗ ಟೂಲ್ಸ್ ಮೆನುವಿನಲ್ಲಿ ಸಾಲ್ವರ್ ತೆರೆಯಿರಿ. ಟಾರ್ಗೆಟ್ ಸೆಲ್ ಇ9. ಮಿನಿಮಮ್ ಆರಿಸಿ. ಬೈ ಚೇಂಜಿಂಗ್ ಸೆಲ್ಸ್ ಎಂಬಲ್ಲಿ ಇ2 ರಿಂದ ಇ6. ಕೆಳಗಿನ ಷರತ್ತುಗಳಲ್ಲಿ ಮೂರು ಸಾಲು: ಇ8 ಸಮ 97, ಇ10 ಕನಿಷ್ಠ 20, ಇ11 ಕನಿಷ್ಠ 68. ಆಮೇಲೆ ಆಪ್ಷನ್ಸ್ ಒತ್ತಿ ಎರಡು ವಿಷಯ ನೋಡಿ. ಇಂಜಿನ್, ಅಂದರೆ ಒಳಗೆ ಲೆಕ್ಕ ಬಿಡಿಸುವ ಭಾಗ, ಕಾಯಿನ್‌ಎಂಪಿ ಲೀನಿಯರ್ ಸಾಲ್ವರ್ ಆಗಿರಬೇಕು. ವೇರಿಯಬಲ್‌ಗಳು, ಅಂದರೆ ಸಾಲ್ವರ್ ಬದಲಾಯಿಸುವ ಇ ಕಾಲಂನ ತೂಕಗಳು, ಸೊನ್ನೆಗಿಂತ ಕಡಿಮೆ ಆಗಬಾರದು ಎಂಬ ಟಿಕ್ ಹಾಕಿರಬೇಕು. ಈ ಟಿಕ್ ಬಿಟ್ಟರೆ ಸಾಲ್ವರ್ ಹತ್ತಿಬೀಜದ ಹಿಂಡಿಯನ್ನು ಮೈನಸ್ ಕೆಜಿ ಹಾಕಿ, ಅದರ ದುಡ್ಡು ನಮಗೆ ವಾಪಸ್ ಬಂತು ಅಂತ ಲೆಕ್ಕ ಹಿಡಿಯುತ್ತದೆ. ಖರ್ಚು ಎಷ್ಟು ಬೇಕಾದರೂ ಇಳಿಸಬಹುದು ಅಂತ ಆಗಿ, ಉತ್ತರಕ್ಕೆ ಮಿತಿಯೇ ಇಲ್ಲ ಎಂದು ನಿಂತುಬಿಡುತ್ತದೆ.

ಎಕ್ಸೆಲ್ ಇದ್ದವರಿಗೂ ಇದೇ ಕ್ರಮ. ಅಲ್ಲಿ ಸಾಲ್ವರ್ ಆಡ್-ಇನ್ ಆನ್ ಮಾಡಿಕೊಳ್ಳಬೇಕು, ವಿಧಾನ ಸಿಂಪ್ಲೆಕ್ಸ್ ಎಲ್‌ಪಿ ಆರಿಸಬೇಕು.

ಮೊದಲ ಉತ್ತರ, ಮತ್ತು ಕೊಟ್ಟಿಗೆಯ ಮಾತು

ಸಾಲ್ವ್ ಒತ್ತಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ. ಜೋಳ 36.04 ಕೆಜಿ, ಕಡಲೆಕಾಯಿ ಹಿಂಡಿ 28.20, ತೌಡು 32.76. ಹತ್ತಿಬೀಜದ ಹಿಂಡಿ ಸೊನ್ನೆ, ಬೂಸಾ ಸೊನ್ನೆ. ಖರ್ಚು ಸುಮಾರು 2,743 ರೂ.

ಗಣಿತಕ್ಕೆ ಇದು ಪೂರ್ತಿ ಸರಿ. ಈ ಮೂರು ಷರತ್ತಿಗೆ ಇದಕ್ಕಿಂತ ಅಗ್ಗದ ಮಿಶ್ರಣ ಇಲ್ಲವೇ ಇಲ್ಲ. ಮೊದಲ ಸಲ ಹೀಗೆ ಬರೀ ಮುಖ್ಯ ಷರತ್ತಿನಲ್ಲೇ ಓಡಿಸಿ ಅಂತ ನಾನು ಹೇಳುವುದಕ್ಕೆ ಕಾರಣ ಇದೆ. ಬಂದ ಉತ್ತರವನ್ನು ಹಸು ನೋಡಿಕೊಳ್ಳುವವರ ಮುಂದೆ ಇಡಬೇಕು. ನೋಟ್‌ಬುಕ್ಕಿನಲ್ಲಿ ಬರೆಯದೇ ಉಳಿದ ಷರತ್ತು ಆಗ ಅವರ ಬಾಯಲ್ಲಿ ಬರುತ್ತದೆ. ನನ್ನ ತಮ್ಮ ಹಾಳೆ ನೋಡಿ ಹೇಳಿದ್ದು: "ಅಕ್ಕಾ, ತೌಡು ಇಷ್ಟು ಹಾಕಿದ್ರೆ ಹಸು ಮೂಸಿ ಬಿಟ್ಬಿಡುತ್ತೆ. ಕಡ್ಲೆಕಾಯಿ ಹಿಂಡೀನೂ ಇಷ್ಟೊಂದು ಬೇಡ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತೆ."

ಎರಡನೆಯ ಮಾತು ದೊಡ್ಡದು. ತೇವ ಹಿಡಿದ ಕಡಲೆಕಾಯಿ ಹಿಂಡಿಯಲ್ಲಿ ಬೆಳೆಯುವ ಶಿಲೀಂಧ್ರ ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಅದು ಹಸುವಿನ ಮೈ ಸೇರಿ ರೂಪ ಬದಲಿಸಿ ಹಾಲಿಗೂ ಬರುತ್ತದೆ. ಹಾಲಿನಲ್ಲಿ ಅದು ಎಷ್ಟಿರಬಹುದು ಎಂಬುದಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ ಮಿತಿಯೇ ಇದೆ, ಕೆಜಿಗೆ 0.5 ಮೈಕ್ರೋಗ್ರಾಂ. ದರದ ಪಟ್ಟಿಯಲ್ಲಿ ಇದು ಎಲ್ಲೂ ಕಾಣುವುದಿಲ್ಲ, ಅಲ್ವಾ? ಬರೆಯದ ಷರತ್ತು ಸಾಲ್ವರ್ ಪಾಲಿಗೆ ಇಲ್ಲದ ಷರತ್ತು.

ಇಂಥ ಲೆಕ್ಕ ಬಿಡಿಸುವ ಸಿಂಪ್ಲೆಕ್ಸ್ ಎಂಬ ವಿಧಾನ ಕಂಡುಹಿಡಿದ ಜಾರ್ಜ್ ಡಾಂಟ್ಸಿಗ್‌ಗೇ ಇದು ಆಗಿದೆ. 1950ರ ದಶಕದ ಮೊದಲಲ್ಲಿ ಅವರು ಅಮೆರಿಕದ ರಾಂಡ್ ಎಂಬ ಸಂಶೋಧನಾ ಸಂಸ್ಥೆಯಲ್ಲಿದ್ದಾಗ ತೂಕ ಇಳಿಸಬೇಕೆಂದು ತಮ್ಮ ಊಟದ ಪಟ್ಟಿಯನ್ನು ಕಂಪ್ಯೂಟರಿಗೆ ಕೊಟ್ಟರು. ಹೊಟ್ಟೆ ತುಂಬಿದ ಹಾಗೆ ಆಗಬೇಕು ಎಂಬುದೇ ಗುರಿ. ಅದಕ್ಕೆ ಅವರು ಹಿಡಿದ ಅಳತೆ, ನೀರು ಕಳೆದು ಉಳಿಯುವ ತೂಕ. ಉತ್ತರದಲ್ಲಿ ದಿನಕ್ಕೆ 500 ಗ್ಯಾಲನ್ ವಿನೆಗರ್ ಬಂತು, ಏಕೆಂದರೆ ಪಟ್ಟಿಯಲ್ಲಿ ವಿನೆಗರ್‌ಗೆ ನೀರಿನ ಅಂಶ ಸೊನ್ನೆ ಎಂದಿತ್ತು. ವಿನೆಗರ್ ತೆಗೆದರು. ಮುಂದಿನ ಉತ್ತರದಲ್ಲಿ ದಿನಕ್ಕೆ 200 ಸೂಪ್ ಕ್ಯೂಬ್. ಆಗ ಅವರು ಒಂದೊಂದು ಪದಾರ್ಥಕ್ಕೂ ಗರಿಷ್ಠ ಮಿತಿ ಹಾಕಲು ಶುರು ಮಾಡಿದರು.

ನಾವೂ ಹಾಕೋಣ. ಎಫ್ ಕಾಲಂನಲ್ಲಿ ಕಡಲೆಕಾಯಿ ಹಿಂಡಿಗೆ 20, ತೌಡಿಗೆ 20 ಬರೆಯಿರಿ. ಷರತ್ತಿನಲ್ಲಿ ಇನ್ನೆರಡು ಸಾಲು ಸೇರಿಸಿ: ಇ3 ಗರಿಷ್ಠ ಎಫ್3, ಇ6 ಗರಿಷ್ಠ ಎಫ್6. ಮಿತಿಯನ್ನು ಸಾಲ್ವರ್ ಪೆಟ್ಟಿಗೆಯೊಳಗೆ ಅಂಕಿಯಾಗಿ ಬರೆಯಬೇಡಿ, ಸೆಲ್ ತೋರಿಸಿ. ನಾಳೆ ಬದಲಾಯಿಸಬೇಕಾದಾಗ ಹಾಳೆಯಲ್ಲೇ ಬದಲಾಯಿಸಬಹುದು, ಬೇರೆಯವರಿಗೂ ಕಾಣುತ್ತದೆ.

ಈಗ ಉತ್ತರ: ಜೋಳ 24.67, ಕಡಲೆಕಾಯಿ ಹಿಂಡಿ 20, ಹತ್ತಿಬೀಜದ ಹಿಂಡಿ 23.17, ಬೂಸಾ 9.17, ತೌಡು 20. ಖರ್ಚು 2,888.83 ರೂ. ಮೊದಲಿಗಿಂತ ಸುಮಾರು 146 ರೂ. ಜಾಸ್ತಿ. ಆ ಎರಡು ಮಿತಿಗೆ ನಾವು ಕೊಡುತ್ತಿರುವ ಬೆಲೆ ಅದು. ಕೊಡಬೇಕೋ ಬೇಡವೋ ಎಂದು ತೀರ್ಮಾನ ಮಾಡಬೇಕಾದವರು ಕೊಟ್ಟಿಗೆಯಲ್ಲಿರುವವರು.

ಒಳಗೆ ಏನು ನಡೆಯಿತು

ಗ್ರಾಫ್ ಹಾಳೆಯಲ್ಲಿ ಉತ್ತರ ಯಾವಾಗಲೂ ಒಂದು ಮೂಲೆಯಲ್ಲೇ ಸಿಗುತ್ತಿತ್ತು. ಐದು ವಸ್ತು ಇದ್ದಾಗಲೂ ಹಾಗೆಯೇ, ಆಕಾರವನ್ನು ಚಿತ್ರ ಬರೆದು ತೋರಿಸಲು ಆಗುವುದಿಲ್ಲ ಅಷ್ಟೇ. ಡಾಂಟ್ಸಿಗ್ 1947ರಲ್ಲಿ ಅಮೆರಿಕದ ವಾಯುಪಡೆಯ ಯೋಜನೆ ಕೆಲಸಕ್ಕಾಗಿ ಕೊಟ್ಟ ಸಿಂಪ್ಲೆಕ್ಸ್ ವಿಧಾನ ಒಂದು ಮೂಲೆಯಲ್ಲಿ ನಿಲ್ಲುತ್ತದೆ. ಅಲ್ಲಿಂದ ಹೊರಡುವ ಅಂಚುಗಳಲ್ಲಿ ಖರ್ಚು ಇಳಿಯುವ ಅಂಚು ಹಿಡಿದು ಪಕ್ಕದ ಮೂಲೆಗೆ ಹೋಗುತ್ತದೆ. ಯಾವ ಅಂಚಿನಲ್ಲೂ ಇಳಿಯದಿದ್ದರೆ ಅಲ್ಲೇ ನಿಲ್ಲುತ್ತದೆ. ಎಲ್ಲ ಮೂಲೆಗಳನ್ನೂ ನೋಡುವ ಅಗತ್ಯ ಬೀಳುವುದಿಲ್ಲ.

ಇದು ಎಷ್ಟು ದೊಡ್ಡ ಉಳಿತಾಯ ಎಂಬುದಕ್ಕೆ ಒಂದು ಹಳೆಯ ಲೆಕ್ಕ ಹೇಳಬೇಕು. ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1945ರಲ್ಲಿ ಒಬ್ಬ ಮನುಷ್ಯನಿಗೆ ಬೇಕಾದ 9 ಪೋಷಕಾಂಶಗಳನ್ನು 77 ಆಹಾರಗಳಿಂದ ಅತಿ ಅಗ್ಗವಾಗಿ ಒದಗಿಸುವ ಲೆಕ್ಕ ಮಾಡಿದರು. 77 ರಲ್ಲಿ 9 ಆರಿಸುವುದಕ್ಕೇ ಸುಮಾರು 16 ಸಾವಿರ ಕೋಟಿ ದಾರಿಗಳಿವೆ. ಸ್ಟಿಗ್ಲರ್ ಜಾಣತನದಿಂದ ಅಂದಾಜಿಸಿ, 1939ರ ದರದಲ್ಲಿ ವರ್ಷಕ್ಕೆ 39.93 ಡಾಲರ್ ಅಂದರು. 1947ರಲ್ಲಿ ಜ್ಯಾಕ್ ಲೇಡರ್ಮನ್ ಮತ್ತು ಅವರ ತಂಡ ಅದೇ ಲೆಕ್ಕವನ್ನು ಸಿಂಪ್ಲೆಕ್ಸ್‌ನಿಂದ ಬಿಡಿಸಿದರು. ಕೈಯಲ್ಲಿ ತಿರುಗಿಸುವ ಲೆಕ್ಕದ ಯಂತ್ರಗಳಲ್ಲಿ 120 ಆಳು-ದಿನಗಳ ಕೆಲಸ. ಉತ್ತರ 39.69 ಡಾಲರ್. ಸ್ಟಿಗ್ಲರ್ ಅವರ ಅಂದಾಜು ವರ್ಷಕ್ಕೆ ಬರೀ 24 ಸೆಂಟ್ ಆಚೆ ಇತ್ತು. ಪಾಠ ಮಾಡುವಾಗ ನಾನು ಇದನ್ನು ಬಿಡದೆ ಹೇಳುತ್ತೇನೆ. ಅಂದಾಜು ಕೆಟ್ಟದ್ದಲ್ಲ, ಆದರೆ ಅದು ಎಷ್ಟು ಒಳ್ಳೆಯದು ಅಂತ ಗೊತ್ತಾಗಿದ್ದು ನಿಜವಾದ ಉತ್ತರ ಸಿಕ್ಕ ಮೇಲೆ.

ಇನ್ನೊಂದು ಕುಲದ ವಿಧಾನವೂ ಇದೆ. ಅದು ಅಂಚು ಹಿಡಿದು ಹೋಗದೆ ಆಕಾರದ ಒಳಗಿನಿಂದಲೇ ಉತ್ತರದ ಕಡೆ ಸಾಗುತ್ತದೆ. 1984ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿದ್ದ ನರೇಂದ್ರ ಕರ್ಮಾರ್ಕರ್ ಕೊಟ್ಟ ವಿಧಾನದಿಂದ ಈ ದಾರಿ ಜೋರಾಗಿ ಬೆಳೆಯಿತು. ಅವರು ಐಐಟಿ ಬಾಂಬೆಯಲ್ಲಿ ಓದಿದವರು. ಲಕ್ಷಗಟ್ಟಲೆ ವೇರಿಯಬಲ್ ಇರುವ ಲೆಕ್ಕಗಳಲ್ಲಿ ಈ ವಿಧಾನ ಹಲವು ಸಲ ಸಿಂಪ್ಲೆಕ್ಸ್‌ಗಿಂತ ಬೇಗ ಮುಗಿಸುತ್ತದೆ. ನಮ್ಮ ಐದು ವಸ್ತುವಿಗೆ ಯಾವುದಾದರೂ ಒಂದೇ.

ನೆರಳು ಬೆಲೆ: ಇದನ್ನು ನೋಡದೆ ಹಾಳೆ ಮುಚ್ಚಬೇಡಿ

ಹೆಚ್ಚಿನವರು ಉತ್ತರ ಬಂದ ತಕ್ಷಣ ನಿಲ್ಲಿಸುತ್ತಾರೆ. ನನ್ನ ಪ್ರಕಾರ ಸಾಲ್ವರ್‌ನ ಅರ್ಧ ಬೆಲೆ ಇರುವುದು ಇದರ ನಂತರ.

ಪ್ರೋಟೀನ್ ಷರತ್ತನ್ನು 20 ರಿಂದ 21 ಮಾಡಿ ಮತ್ತೆ ಓಡಿಸಿ. ಖರ್ಚು ಸುಮಾರು 2,987.30 ಆಗುತ್ತದೆ. ಹೆಚ್ಚಿದ್ದು ಸುಮಾರು 98.50 ರೂ. ಅಂದರೆ ಈ ಮಿಶ್ರಣದಲ್ಲಿ ಇನ್ನೊಂದು ಕೆಜಿ ಪ್ರೋಟೀನ್ ಬೇಕು ಎಂದರೆ ಅದರ ಬೆಲೆ 98.50. ಇದನ್ನೇ ನೆರಳು ಬೆಲೆ, ಶ್ಯಾಡೋ ಪ್ರೈಸ್ ಅನ್ನುತ್ತಾರೆ. ಎಕ್ಸೆಲ್‌ನಲ್ಲಿ ಸೆನ್ಸಿಟಿವಿಟಿ ರಿಪೋರ್ಟ್ ಕೇಳಿದರೆ ಎಲ್ಲ ಷರತ್ತುಗಳದ್ದೂ ಒಟ್ಟಿಗೆ ಬರುತ್ತದೆ. ಕೈಯಲ್ಲಿ ಬದಲಾಯಿಸಿ ನೋಡಿದರೂ ಅದೇ ಸಿಗುತ್ತದೆ, ಮೊದಲ ಸಲ ಹಾಗೆ ಮಾಡುವುದೇ ಒಳ್ಳೆಯದು.

ಟಿಡಿಎನ್ 68 ರಿಂದ 68.5 ಮಾಡಿದರೆ ಸುಮಾರು 14 ರೂ. ಹೆಚ್ಚುತ್ತದೆ, ಅಂದರೆ ಕೆಜಿಗೆ 28.03. ಆದರೆ 69 ಮಾಡಿದರೆ 28 ಅಲ್ಲ, ಸುಮಾರು 30 ಹೆಚ್ಚುತ್ತದೆ. ಯಾಕೆಂದರೆ ನಡುವೆ ಬೂಸಾ ಸೊನ್ನೆಗೆ ಇಳಿದು ಹೊರಗೆ ಹೋಗಿರುತ್ತದೆ, ಮಿಶ್ರಣದ ಕೂಟವೇ ಬದಲಾಗಿರುತ್ತದೆ. ನೆರಳು ಬೆಲೆ ಒಂದು ವ್ಯಾಪ್ತಿಯವರೆಗೆ ಮಾತ್ರ ನಿಜ. ಅದನ್ನು ಹಿಡಿದು ದೂರ ಹೋಗಬೇಡಿ.

ಕಡಲೆಕಾಯಿ ಹಿಂಡಿಯ ಮಿತಿಯನ್ನು 20 ರಿಂದ 21 ಮಾಡಿದರೆ 7.10 ರೂ. ಉಳಿಯುತ್ತದೆ. ತೌಡಿನ ಮಿತಿ ಒಂದು ಕೆಜಿ ಸಡಿಲಿಸಿದರೆ 6.90. ಒಣಗಿದ, ಒಳ್ಳೆಯ ಗೋಡೌನ್ ಇರುವವರಿಗೆ ಈ ಅಂಕಿ ಕೆಲಸಕ್ಕೆ ಬರುತ್ತದೆ. ಹಿಂಡಿಯನ್ನು ಬೂಷ್ಟು ಬರದಂತೆ ಇಡಲು ಎಷ್ಟು ಖರ್ಚು ಮಾಡಬಹುದು ಎಂಬುದಕ್ಕೆ ಲೆಕ್ಕ ಸಿಕ್ಕಿತು.

ಇನ್ನು ನನಗೆ ತುಂಬಾ ಇಷ್ಟವಾದ ಭಾಗ. ನಮ್ಮ ತಿಪಟೂರು ಕೊಬ್ಬರಿಯ ಊರು, ಕೊಬ್ಬರಿ ಹಿಂಡಿ ಸಿಗುತ್ತದೆ. ಪ್ರೋಟೀನ್ 22, ಟಿಡಿಎನ್ 75 ಎಂದಿಟ್ಟುಕೊಳ್ಳಿ. ಎಷ್ಟು ದರದವರೆಗೆ ಕೊಳ್ಳಬಹುದು? ಹೊಸದಾಗಿ ಲೆಕ್ಕ ಬಿಡಿಸುವುದೇ ಬೇಡ. ಅದರ ಒಂದು ಕೆಜಿಯಲ್ಲಿ 0.22 ಕೆಜಿ ಪ್ರೋಟೀನ್, ನೆರಳು ಬೆಲೆಯಲ್ಲಿ 21.67 ರೂ. ಟಿಡಿಎನ್ 0.75 ಕೆಜಿ, ಅದಕ್ಕೆ 21.02. ಕೂಡಿದರೆ 42.69. ಆದರೆ ಆ ಒಂದು ಕೆಜಿ ನಮ್ಮ 97 ಕೆಜಿಯಲ್ಲಿ ಜಾಗವನ್ನೂ ತಿನ್ನುತ್ತದೆ. ಜಾಗಕ್ಕೂ ಬೆಲೆ ಇದೆ: 97 ನ್ನು 98 ಮಾಡಿ ಓಡಿಸಿದರೆ ಖರ್ಚು 7.29 ಇಳಿಯುತ್ತದೆ. ಅದನ್ನು ಕಳೆದರೆ 35.40. ಕೊಬ್ಬರಿ ಹಿಂಡಿ 32ಕ್ಕೆ ಸಿಕ್ಕರೆ ತನ್ನಿ, 38 ಹೇಳಿದರೆ ಬಿಟ್ಟು ಬನ್ನಿ. ಫೋನಿನಲ್ಲಿ ದರ ಕೇಳುತ್ತಿರುವಾಗಲೇ ತೀರ್ಮಾನ ಮಾಡಬಹುದು.

ಪೂರ್ಣ ಕೆಜಿ ಬೇಕೆಂದರೆ

9.17 ಕೆಜಿ ಬೂಸಾ ತೂಗುವುದು ಕಷ್ಟ. ಹತ್ತಿರದ ಅಂಕಿಗೆ ಸರಿಮಾಡಿಬಿಡೋಣ ಅನ್ನಿಸುತ್ತದೆ. ಮಾಡಿ ನೋಡಿ: 25, 20, 23, 9, 20. ಮೊತ್ತ 97 ಸರಿಯಾಗಿದೆ. ಪ್ರೋಟೀನ್ 19.97. ಷರತ್ತು ಮುರಿಯಿತು. ಹಸುವಿಗೆ ಆ 30 ಗ್ರಾಂ ಏನೂ ಅಲ್ಲ. ಆದರೆ ಕೆಜಿಯ ಬದಲು ಬಸ್ಸು, ನರ್ಸು, ಲಾರಿ ಇದ್ದರೆ ಇದೇ ತಪ್ಪು ದೊಡ್ಡದಾಗುತ್ತದೆ.

ಸಾಲ್ವರ್‌ನಲ್ಲಿ ಇ2 ರಿಂದ ಇ6 ಪೂರ್ಣಾಂಕ ಎಂಬ ಷರತ್ತು ಸೇರಿಸಿ. ಪಟ್ಟಿಯಲ್ಲಿ ಇಂಟಿಜರ್ ಅಂತ ಇರುತ್ತದೆ. ಈಗ ಉತ್ತರ: ಜೋಳ 26, ಕಡಲೆಕಾಯಿ ಹಿಂಡಿ 20, ಹತ್ತಿಬೀಜದ ಹಿಂಡಿ 24, ಬೂಸಾ 7, ತೌಡು 20. ಖರ್ಚು 2,895. ಪ್ರೋಟೀನ್ ಸರಿಯಾಗಿ 20, ಟಿಡಿಎನ್ 68.22. ಬೂಸಾ ನೋಡಿ. 9.17 ಇದ್ದದ್ದು 9 ಆಗಲಿಲ್ಲ, 10 ಆಗಲಿಲ್ಲ, 7 ಆಯಿತು. ಪೂರ್ಣಾಂಕದ ಉತ್ತರ ದಶಮಾಂಶದ ಉತ್ತರದ ಪಕ್ಕದಲ್ಲೇ ಇರಬೇಕು ಎಂದೇನಿಲ್ಲ.

ಇಲ್ಲಿ ಒಳಗೆ ನಡೆಯುವುದು ಬೇರೆ ಕೆಲಸ. ಮೊದಲು ದಶಮಾಂಶ ಬಂದರೂ ಪರವಾಗಿಲ್ಲ ಅಂತ ಬಿಡಿಸುತ್ತದೆ. ಬೂಸಾ 9.17 ಬಂದರೆ ಲೆಕ್ಕವನ್ನು ಎರಡಾಗಿ ಒಡೆಯುತ್ತದೆ. ಒಂದರಲ್ಲಿ ಬೂಸಾ ಗರಿಷ್ಠ 9, ಇನ್ನೊಂದರಲ್ಲಿ ಕನಿಷ್ಠ 10. ಹೀಗೇ ಒಡೆಯುತ್ತಾ ಹೋಗುತ್ತದೆ. ಕೈಯಲ್ಲಿರುವ ಒಳ್ಳೆಯ ಉತ್ತರಕ್ಕಿಂತ ಅಗ್ಗವಾಗಲು ಸಾಧ್ಯವೇ ಇಲ್ಲದ ಕೊಂಬೆಯನ್ನು ಕತ್ತರಿಸಿ ಬಿಡುತ್ತದೆ. 1960ರಲ್ಲಿ ಐಲ್ಸಾ ಲ್ಯಾಂಡ್ ಮತ್ತು ಆಲಿಸನ್ ಡಾಯ್ಗ್ ಎಂಬ ಇಬ್ಬರು ಮಹಿಳೆಯರು ಪ್ರಕಟಿಸಿದ ಬ್ರಾಂಚ್ ಅಂಡ್ ಬೌಂಡ್ ವಿಧಾನ ಇದು. ಇಂದಿನ ಎಲ್ಲ ದೊಡ್ಡ ಪೂರ್ಣಾಂಕ ಸಾಲ್ವರ್‌ಗಳ ಬೆನ್ನೆಲುಬು ಇದೇ. ನಮ್ಮ ಹುಡುಗಿಯರಿಗೆ ಈ ಎರಡು ಹೆಸರು ಗೊತ್ತಿರಲಿ ಎಂಬುದು ನನ್ನ ಆಸೆ.

ಪೂರ್ಣಾಂಕ ಸೇರಿದ ಮೇಲೆ ಲೆಕ್ಕ ಬೇಗ ಭಾರವಾಗುತ್ತದೆ. ನಿಜವಾಗಿ ಬೇಕಾದ ಕಡೆ ಮಾತ್ರ ಹಾಕಿ. ಟನ್‌ಗಟ್ಟಲೆ ಮಿಶ್ರಣ ಮಾಡುವವರಿಗೆ ಕೆಜಿ ಪೂರ್ಣಾಂಕ ಬೇಕಿಲ್ಲ.

ಹೌದು-ಇಲ್ಲ ತೀರ್ಮಾನಕ್ಕೂ ಪೂರ್ಣಾಂಕವೇ ದಾರಿ. ಕೊಬ್ಬರಿ ಹಿಂಡಿ ಕೊಂಡರೆ ಕನಿಷ್ಠ 5 ಕೆಜಿ ಹಾಕಬೇಕು, ಇಲ್ಲವಾದರೆ ಬೇಡವೇ ಬೇಡ ಎಂದುಕೊಳ್ಳಿ. ಸೊನ್ನೆ ಅಥವಾ ಒಂದು ಮಾತ್ರ ಆಗಬಲ್ಲ ಒಂದು ಸೆಲ್ ಇಟ್ಟು ಬೈನರಿ ಎಂದು ಗುರುತು ಮಾಡಿ. ಹಿಂಡಿಯ ತೂಕ ಆ ಸೆಲ್‌ನ 5 ಪಟ್ಟಿಗಿಂತ ಕಡಿಮೆ ಇರಬಾರದು, 25 ಪಟ್ಟಿಗಿಂತ ಹೆಚ್ಚಿರಬಾರದು. ಇಲ್ಲಿ 25ರ ಜಾಗದಲ್ಲಿ ಸುಮ್ನೆ ಹತ್ತು ಲಕ್ಷ ಅಂತ ಹಾಕುವ ಅಭ್ಯಾಸ ಹಲವರಿಗಿದೆ. ಹಾಕಬೇಡಿ. ಸಾಲ್ವರ್‌ಗಳು ಹತ್ತು ಲಕ್ಷದ ಒಂದು ಭಾಗದಷ್ಟು ವ್ಯತ್ಯಾಸವನ್ನು ಸೊನ್ನೆ ಎಂದೇ ಸಾಮಾನ್ಯವಾಗಿ ಒಪ್ಪಿಕೊಳ್ಳುತ್ತವೆ. ಆಗ ಸೆಲ್ ಸೊನ್ನೆ ಎಂದು ಕಾಣುತ್ತಿದ್ದರೂ ಒಂದು ಕೆಜಿ ಹಿಂಡಿ ಒಳಗೆ ನುಸುಳಬಹುದು.

ಉತ್ತರ ಇಲ್ಲ ಎಂದಾಗ

ಹತ್ತಿಬೀಜದ ಹಿಂಡಿಗೂ 25ರ ಮಿತಿ ಹಾಕಿ, ಪ್ರೋಟೀನ್ 22 ಕೇಳಿ ನೋಡಿ. ಉತ್ತರ ಸಿಗುವುದಿಲ್ಲ. ಸಾಫ್ಟ್‌ವೇರ್ ಕೆಟ್ಟಿಲ್ಲ, ನಾವು ಆಗದ್ದನ್ನು ಕೇಳಿದ್ದೇವೆ. ಕಡಲೆಕಾಯಿ ಹಿಂಡಿ 20, ಹತ್ತಿಬೀಜದ್ದು 25, ತೌಡು 20, ಉಳಿದ 32 ಪೂರ್ತಿ ಬೂಸಾ ಹಾಕಿದರೂ ಪ್ರೋಟೀನ್ 21.38 ಮುಟ್ಟುತ್ತದೆ, ಅಷ್ಟೇ.

ದೊಡ್ಡ ಲೆಕ್ಕದಲ್ಲಿ ಯಾವ ಷರತ್ತುಗಳು ಒಂದಕ್ಕೊಂದು ಜಗಳ ಆಡುತ್ತಿವೆ ಅಂತ ಕಣ್ಣಿಗೆ ಕಾಣುವುದಿಲ್ಲ. ಆಗ ನಾನು ಹೇಳಿಕೊಡುವ ದಾರಿ ಇದು. ಪ್ರೋಟೀನ್ ಷರತ್ತಿಗೆ "ಕೊರತೆ" ಎಂಬ ಹೊಸ ಸೆಲ್ ಸೇರಿಸಿ. ಪ್ರೋಟೀನ್ ಮತ್ತು ಕೊರತೆ ಕೂಡಿ 22 ಆದರೆ ಸಾಕು ಎಂದು ಬರೆಯಿರಿ. ಖರ್ಚಿನಲ್ಲಿ ಕೊರತೆಯ ಪ್ರತಿ ಕೆಜಿಗೆ 1,000 ರೂ. ದಂಡ ಹಾಕಿ. ಈಗ ಉತ್ತರ ಬರುತ್ತದೆ, ಎಲ್ಲಿ ಎಷ್ಟು ಕಡಿಮೆ ಬಿದ್ದಿದೆ ಎಂಬುದೂ ಜೊತೆಗೆ ಬರುತ್ತದೆ. ಉತ್ತರ ಇಲ್ಲ ಎಂಬ ಒಣ ಸಂದೇಶಕ್ಕಿಂತ ಇದು ಎಷ್ಟೋ ಉಪಯೋಗ.

ಇನ್ನೊಂದು ಎಚ್ಚರ. ವೇರಿಯಬಲ್‌ಗಳನ್ನು ಬರೀ ನಿಗದಿತ ಅಂಕಿಗಳಿಂದ ಗುಣಿಸಿ ಕೂಡಿಸುವ ಲೆಕ್ಕವೇ ಲೀನಿಯರ್. ಲೀನಿಯರ್ ಸಾಲ್ವರ್‌ಗೆ ಕೊಡುವ ಸೆಲ್‌ಗಳಲ್ಲಿ ಇಫ್, ಮ್ಯಾಕ್ಸ್, ರೌಂಡ್ ಎಂಬ ಫಾರ್ಮುಲಾಗಳು ಇರಬಾರದು. ಒಂದು ವೇರಿಯಬಲ್ಲನ್ನು ಇನ್ನೊಂದರಿಂದ ಗುಣಿಸುವುದು, ಭಾಗಿಸುವುದು ಇರಬಾರದು. ಒಟ್ಟು ತೂಕ ನಿಗದಿ ಇಲ್ಲದಾಗ "ಪ್ರೋಟೀನ್ ಭಾಗಿಸು ಒಟ್ಟು ತೂಕ, ಕನಿಷ್ಠ 0.20" ಎಂದು ಬರೆದರೆ ಲೆಕ್ಕ ಲೀನಿಯರ್ ಅಲ್ಲ. "ಪ್ರೋಟೀನ್ ಕಳೆ 0.20 ಪಟ್ಟು ಒಟ್ಟು ತೂಕ, ಕನಿಷ್ಠ ಸೊನ್ನೆ" ಎಂದು ಬರೆಯಿರಿ. ಅರ್ಥ ಅದೇ, ಆದರೆ ಈಗ ಸಾಲ್ವರ್ ಒಪ್ಪುತ್ತದೆ. ನಿಜವಾಗಿಯೂ ಲೀನಿಯರ್ ಅಲ್ಲದ ಲೆಕ್ಕಕ್ಕೆ ಬೇರೆ ಇಂಜಿನ್‌ಗಳಿವೆ. ಅವು ಹೇಳುವ ಕನಿಷ್ಠ ಸುತ್ತಮುತ್ತಲಿನ ಉತ್ತರಗಳಲ್ಲಿ ಮಾತ್ರ ಕನಿಷ್ಠ ಆಗಿರಬಹುದು, ದೂರದಲ್ಲಿ ಇನ್ನೂ ಕಡಿಮೆಯದು ಇರಬಹುದು. ಬೇರೆ ಬೇರೆ ಅಂಕಿಯಿಂದ ಶುರು ಮಾಡಿ ಓಡಿಸಿ ನೋಡಬೇಕು.

ಹಾಳೆ ಸಾಲದಾದಾಗ

ಎಕ್ಸೆಲ್‌ನ ಜೊತೆಗೆ ಬರುವ ಸಾಲ್ವರ್ 200 ವೇರಿಯಬಲ್‌ವರೆಗೆ ಮಾತ್ರ. ಅದಕ್ಕಿಂತ ದೊಡ್ಡದಾದರೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಿರಿ. ಪಲ್ಪ್ ಎಂಬ ಲೈಬ್ರರಿಯಲ್ಲಿ ಷರತ್ತುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದ ಹಾಗೆಯೇ ಬರೆಯಬಹುದು. ಒಳಗೆ ಸಿಬಿಸಿ ಎಂಬ ಸಾಲ್ವರ್ ಇರುತ್ತದೆ. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಬೆಳೆದ ಹೈಗ್ಸ್ ಕೂಡ ಪುಕ್ಕಟೆ, ಮುಕ್ತ, ಮತ್ತು ತುಂಬಾ ಚುರುಕು. ಪೈಥಾನ್‌ನ ಸೈಪೈ ಎಂಬ ಲೈಬ್ರರಿಯ ಒಳಗೆ ಈ ಹೈಗ್ಸೇ ಕೆಲಸ ಮಾಡುತ್ತದೆ. ನಾನಾದರೆ ಹೊಸಬರಿಗೆ ಹೈಗ್ಸ್‌ನಿಂದ ಶುರು ಮಾಡಿ ಅನ್ನುತ್ತೇನೆ. ಶಾಲೆಯ ಟೈಮ್‌ಟೇಬಲ್, ಡ್ಯೂಟಿ ಪಟ್ಟಿ ಇಂಥದ್ದಕ್ಕೆ ಗೂಗಲ್‌ನ ಓಆರ್-ಟೂಲ್ಸ್ ಒಳಗಿರುವ ಸಿಪಿ-ಸ್ಯಾಟ್ ಹೊಂದುತ್ತದೆ.

ಗುರೋಬಿ, ಐಬಿಎಂನ ಸಿಪ್ಲೆಕ್ಸ್ ಇವು ದುಡ್ಡು ಕೊಟ್ಟು ಕೊಳ್ಳುವ ಸಾಲ್ವರ್‌ಗಳು. ಕಠಿಣ ಪೂರ್ಣಾಂಕ ಲೆಕ್ಕಗಳಲ್ಲಿ ಅವುಗಳ ಕೈ ಮೇಲು. ಕಾಲೇಜಿನಲ್ಲಿ ಓದುವವರಿಗೆ, ಪಾಠ ಮಾಡುವವರಿಗೆ ಉಚಿತ ಲೈಸೆನ್ಸ್ ಕೊಡುತ್ತಾರೆ. ಏನೂ ಇನ್‌ಸ್ಟಾಲ್ ಮಾಡದೆ ನೋಡಬೇಕೆಂದರೆ ಅಮೆರಿಕದ ವಿಸ್ಕಾನ್ಸಿನ್-ಮ್ಯಾಡಿಸನ್ ವಿಶ್ವವಿದ್ಯಾಲಯ ನಡೆಸುವ ನಿಯೋಸ್ ಸರ್ವರ್‌ಗೆ ಲೆಕ್ಕ ಕಳಿಸಿ. ಉತ್ತರ ಪುಕ್ಕಟೆಯಾಗಿ ಬರುತ್ತದೆ.

ದರ ಬದಲಾದ ಮೇಲೆ

ಹಿಂಡಿ ದರ ವಾರಕ್ಕೊಂದು. ಬಿ ಕಾಲಂ ತಿದ್ದಿ ಮತ್ತೆ ಸಾಲ್ವ್ ಒತ್ತಿದರೆ ಹೊಸ ಮಿಶ್ರಣ ತಯಾರು. ಆದರೆ ಹಸುವಿನ ಹೊಟ್ಟೆ ಸಾಲ್ವರ್‌ನಷ್ಟು ಬೇಗ ಬದಲಾಗುವುದಿಲ್ಲ. ಅದರ ಮೆಲುಕು ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಹೊಸ ತಿಂಡಿಗೆ ಹೊಂದಿಕೊಳ್ಳಲು ವಾರ ಹತ್ತು ದಿನ ಬೇಕು. ಒಂದೇ ದಿನ ಜೋಳ ಜಾಸ್ತಿ ಮಾಡಿದರೆ ಹೊಟ್ಟೆ ಹುಳಿಯಾಗಿ ಹಸು ಮಲಗಿಬಿಡಬಹುದು. ಇದನ್ನೂ ಷರತ್ತಾಗಿ ಬರೆಯಬಹುದು. ಜಿ ಕಾಲಂನಲ್ಲಿ ಈಗ ಹಾಕುತ್ತಿರುವ ಅಳತೆ ಬರೆದಿಡಿ. ಹೊಸ ತೂಕ ಕಳೆ ಹಳೆ ತೂಕ 5ಕ್ಕಿಂತ ಹೆಚ್ಚಿರಬಾರದು, ಮೈನಸ್ 5ಕ್ಕಿಂತ ಕಡಿಮೆ ಇರಬಾರದು. ಒಂದೊಂದು ವಸ್ತುವಿಗೆ ಎರಡು ಸಾಲು, ಒಟ್ಟು ಹತ್ತು ಸಾಲು. ಹಳೆ ಅಳತೆಯಲ್ಲಿ ಪ್ರೋಟೀನ್ ತೀರಾ ಕಡಿಮೆ ಇದ್ದರೆ ಮೊದಲ ವಾರ ಉತ್ತರ ಸಿಗದೇ ಹೋಗಬಹುದು. ಆಗ ಮೇಲೆ ಹೇಳಿದ ಕೊರತೆಯ ಸೆಲ್ ಸೇರಿಸಿಕೊಳ್ಳಿ, ವಾರ ವಾರ ಅದು ಇಳಿಯುತ್ತಾ ಬರುತ್ತದೆ.